ಡ್ರೈಯರ್‌ನ ತಾಪಮಾನ ಸೆನ್ಸರ್ ನಿಜವಾಗಿಯೂ ಕೆಟ್ಟಿದೆಯೇ? ಬಳ್ಳಾರಿ ಬಿಸಿಲಲ್ಲಿ ಅಳೆದು ನೋಡುವ ಬಗೆ

ನಮ್ಮ ಅಕ್ಕನ ಮನೆ ಬಳ್ಳಾರಿಯಲ್ಲಿ, ಅದಿರು ಲಾರಿ ಓಡಾಡುವ ರಸ್ತೆಗೆ ಹತ್ತಿರ. ಮಾಳಿಗೆ ಮೇಲೆ ಬಿಳಿ ಪಂಚೆ ಹರವಿದರೆ ಬೇಸಿಗೆಯಲ್ಲಿ ಅರ್ಧ ಗಂಟೆಗೆ ಗರಿಗರಿ ಒಣಗುತ್ತದೆ. ಆದರೆ ಮಡಚುವ ಹೊತ್ತಿಗೆ ಅದರ ಮೇಲೆ ಕೆಮ್ಮಣ್ಣಿನ ಛಾಯೆ ಕೂತಿರುತ್ತದೆ. ಮನೆಗೆ ಕೂಸು ಬಂದ ಮೇಲೆ ಅವರು ಡ್ರೈಯರ್ ತಂದರು. ಎರಡು ವರ್ಷ ಚೆನ್ನಾಗಿ ನಡೆದದ್ದು ಒಂದು ಏಪ್ರಿಲ್‌ನಲ್ಲಿ ಬಟ್ಟೆಯನ್ನು ಹಸಿಹಸಿಯಾಗಿಯೇ ಹೊರಗೆ ಕೊಡತೊಡಗಿತು.

ಬಂದ ಮೆಕ್ಯಾನಿಕ್ ಹುಡುಗ ಹಿಂಬದಿ ಬಿಚ್ಚಿ, ಸೆನ್ಸರ್‌ಗೆ ಮೀಟರ್ ಹಿಡಿದು, "ಹತ್ತು ಕೆ ಇರ್ಬೇಕಿತ್ತಕ್ಕಾ, ಐದೂವರೆ ತೋರಸಾಕತ್ತೈತಿ. ಸೆನ್ಸರ್ ಹೋಗೈತಿ" ಅಂದ. ಹೊಸದು ಹಾಕಿಸಿದರು. ಬಟ್ಟೆ ಮತ್ತೆ ಹಸಿಯೇ. ನಾನು ಹೋದಾಗ ಹೊಸ ಸೆನ್ಸರನ್ನೇ ಬಿಚ್ಚಿ ಅಳೆದೆ. ಅದೂ ಐದೂವರೆ ಕಿಲೋ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ, ಹುಡುಗ ಹೇಳಿದ "ಕೆ" ಇದೇ). ಆ ಕೋಣೆಯ ತಾಪಮಾನ ಆಗ 39 ಡಿಗ್ರಿ ಇತ್ತು, ಮತ್ತು 39 ಡಿಗ್ರಿಯಲ್ಲಿ ಈ ಜಾತಿಯ ಆರೋಗ್ಯವಂತ ಸೆನ್ಸರ್ ತೋರಿಸಬೇಕಾದದ್ದೇ ಸುಮಾರು ಐದೂವರೆ. ಕಸಕ್ಕೆ ಹೋದ ಹಳೆಯ ಸೆನ್ಸರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ನಿಜವಾದ ತೊಂದರೆ ಗಾಳಿ ಹೋಗುವ ಕೊಳವೆಯಲ್ಲಿತ್ತು. ಬಟ್ಟೆಯ ಅರಳೆ ಧೂಳು ಮತ್ತು ಕೆಂಪು ಧೂಳು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕಂಪನಿಗಳ ಸರ್ವಿಸ್ ಪುಸ್ತಕದಲ್ಲಿ ಸೆನ್ಸರ್‌ನ ಅಳತೆಯನ್ನು 25 ಡಿಗ್ರಿಗೆ ಬರೆದಿರುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಹಗಲು ಹೊತ್ತು 25 ಡಿಗ್ರಿ ಎಲ್ಲಿ ಸಿಕ್ಕೀತು? ಹಾಗಾಗಿ ಪುಸ್ತಕದ ಒಂದೇ ಅಂಕಿಯನ್ನು ಹಿಡಿದು ತೀರ್ಪು ಕೊಡದೆ, ಎರಡು ಮೂರು ತಾಪಮಾನದಲ್ಲಿ ಅಳೆದು ನಿರ್ಧರಿಸುವುದು ಹೇಗೆ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಸೆನ್ಸರ್ ಮಾಡುವ ಕೆಲಸ

ಇಂದಿನ ಬಹುತೇಕ ಮನೆಬಳಕೆಯ ಡ್ರೈಯರ್‌ಗಳಲ್ಲಿ ತಾಪಮಾನ ನೋಡುವುದು ಥರ್ಮಿಸ್ಟರ್ ಎಂಬ ಸಣ್ಣ ಭಾಗ. ಅದರಲ್ಲಿ ಎನ್‌ಟಿಸಿ ಎಂಬ ಜಾತಿಯದು ಬಳಕೆಯಲ್ಲಿದೆ. ಬಿಸಿ ಏರಿದಂತೆ ಇದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ, ತಂಪಾದರೆ ಏರುತ್ತದೆ. ಮೆಷಿನ್ನಿನ ಬೋರ್ಡ್ ಈ ರೋಧವನ್ನು ಓದಿ "ಗಾಳಿ ಇಷ್ಟು ಬಿಸಿಯಾಗಿದೆ" ಎಂದು ತಿಳಿದುಕೊಂಡು ಹೀಟರ್ ಹಾಕುತ್ತದೆ, ತೆಗೆಯುತ್ತದೆ.

ಇದು ಮೂರು ರೀತಿಯಲ್ಲಿ ಕೆಡುತ್ತದೆ. ಒಳಗೆ ತಂತಿ ತುಂಡಾದರೆ ರೋಧ ಅನಂತ, ಆಗ ಬೋರ್ಡ್‌ಗೆ ಗಾಳಿ ವಿಪರೀತ ತಣ್ಣಗಿರುವ ಹಾಗೆ ಕಾಣುತ್ತದೆ. ಹೊಸ ಮೆಷಿನ್‌ಗಳು ತಕ್ಷಣ ಎರರ್ ಕೋಡ್ ತೋರಿಸಿ ನಿಲ್ಲುತ್ತವೆ. ಶಾರ್ಟ್ ಆದರೆ ರೋಧ ಸೊನ್ನೆಯ ಹತ್ತಿರ, ಬೋರ್ಡ್ ಗಾಳಿ ಕುದಿಯುತ್ತಿದೆ ಎಂದು ತಿಳಿದು ಹೀಟರನ್ನೇ ಹಾಕುವುದಿಲ್ಲ. ಡ್ರಮ್ ತಿರುಗುತ್ತದೆ, ತಣ್ಣನೆ ಗಾಳಿ ಬರುತ್ತದೆ. ಈ ಎರಡನ್ನೂ ಮೀಟರ್ ಹಿಡಿದ ಕೂಡಲೇ ಕಂಡುಹಿಡಿಯಬಹುದು. ಮೂರನೆಯದು ಸೆನ್ಸರ್ ಬದುಕಿದ್ದು ಸುಳ್ಳು ಹೇಳುವುದು, ಅಂದರೆ 50 ಡಿಗ್ರಿ ಇದ್ದಾಗ 70ರ ರೋಧ ತೋರಿಸುವುದು. ನಮ್ಮ ಊರಿನ ಸೆಕೆಯಲ್ಲಿ ಅವಸರಕ್ಕೆ ಅಳೆದರೆ ಒಳ್ಳೆಯ ಸೆನ್ಸರೂ ಹೀಗೆಯೇ ಕಾಣುತ್ತದೆ ಎಂಬುದರಲ್ಲೇ ಮೋಸ ಹೋಗುವುದು.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಅರ್ಧ ಗಂಟೆ ಇದಕ್ಕೆ ಕೊಡಿ. ನಾನು ನೋಡಿದ "ಸೆನ್ಸರ್ ಕೆಟ್ಟ" ಮೆಷಿನ್‌ಗಳಲ್ಲಿ ಹೆಚ್ಚಿನವು ಇಲ್ಲಿಯೇ ಸರಿಹೋಗಿವೆ.

ಮೊದಲು ಫಿಲ್ಟರ್. ಬಟ್ಟೆಯ ಅರಳೆ ಧೂಳು ಹಿಡಿಯುವ ಜಾಲರಿಯನ್ನು ಪ್ರತಿ ಸಲವೂ ತೆಗೆದು ಒರೆಸಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ಅಂಥ ಮನೆಯ ಡ್ರೈಯರ್ ಫಿಲ್ಟರ್‌ನಲ್ಲಿ ನೀಲಿ ಅರಳೆ ಬೆರಳು ದಪ್ಪ ಕೂತಿದ್ದನ್ನು ಕಂಡಿದ್ದೇನೆ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಅದರ ಮೇಲೆ ನೀರು ಹಾಕಿ ನೋಡಿ. ನೀರು ಇಳಿಯದೆ ಮೇಲೇ ನಿಂತರೆ ಬಟ್ಟೆಗೆ ಹಾಕುವ ಸಾಫ್ಟ್‌ನರ್‌ನ ಜಿಡ್ಡು ಕಟ್ಟಿದೆ. ಸೋಪಿನ ನೀರಲ್ಲಿ ಮೃದು ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಗಾಳಿ ಹೊರಹೋಗುವ ಕೊಳವೆ ಇದ್ದರೆ ಅದು ಮಡಚಿಕೊಂಡಿದೆಯೇ, ಗೋಡೆಗೆ ಒತ್ತಿಕೊಂಡಿದೆಯೇ, ಹೊರಬಾಯಿಯಲ್ಲಿ ಗುಬ್ಬಿ ಗೂಡು ಕಟ್ಟಿದೆಯೇ ನೋಡಿ. ಕಂಡೆನ್ಸರ್ (ಗಾಳಿಯ ತೇವವನ್ನು ತಣಿಸಿ ನೀರಾಗಿಸುವ ಭಾಗ) ಇರುವ ಮೆಷಿನ್ ಆದರೆ ಅದನ್ನು ಹೊರತೆಗೆದು ತೊಳೆಯಿರಿ, ನೀರಿನ ಟ್ಯಾಂಕ್ ಖಾಲಿ ಮಾಡಿ.

ಎರಡನೆಯದು ವೋಲ್ಟೇಜ್. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕೊಡುವ ಹೀಟರ್ 190 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1365 ವ್ಯಾಟ್ ಮಾತ್ರ, ಮೂರನೇ ಒಂದು ಭಾಗದಷ್ಟು ಕಡಿಮೆ. ಸಂಜೆ ಓಣಿಯ ಎಲ್ಲರ ಕೂಲರ್, ಏಸಿ ಓಡುವಾಗ ಬಟ್ಟೆ ಒಣಗದೆ, ಬೆಳಗಿನ ಜಾವ ಹಾಕಿದರೆ ಚೆನ್ನಾಗಿ ಒಣಗುತ್ತಿದ್ದರೆ ಸೆನ್ಸರ್ ಮೇಲೆ ಅನುಮಾನ ಪಡಬೇಡಿ. ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ಕೊಡಿ, ಮನೆಯ ವೈರಿಂಗ್ ತೋರಿಸಿ. ಡ್ರೈಯರ್ ಇರುವುದು 16 ಆಂಪಿಯರ್ ಸಾಕೆಟ್‌ಗೇ ಹೊರತು ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಅಲ್ಲ.

ಮೂರನೆಯದು ತೇವ ನೋಡುವ ಪಟ್ಟಿಗಳು. ಅನೇಕ ಮೆಷಿನ್‌ಗಳ ಡ್ರಮ್ ಒಳಗೆ, ಬಾಗಿಲ ಹತ್ತಿರ, ಎರಡು ಲೋಹದ ಪಟ್ಟಿ ಅಕ್ಕಪಕ್ಕ ಇರುತ್ತವೆ. ಹಸಿ ಬಟ್ಟೆ ಎರಡನ್ನೂ ತಾಗಿದಾಗ ಸ್ವಲ್ಪ ಕರೆಂಟ್ ಹರಿಯುತ್ತದೆ, ಒಣಗಿದಾಗ ಹರಿಯುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ಸವಳು ನೀರಿನ ಸುಣ್ಣದ ಪೊರೆ ಮತ್ತು ಸಾಫ್ಟ್‌ನರ್ ಜಿಡ್ಡು ಈ ಪಟ್ಟಿಗಳ ಮೇಲೆ ಕೂತರೆ ಮೆಷಿನ್ "ಒಣಗಿತು" ಎಂದು ಬೇಗ ನಿಂತುಬಿಡುತ್ತದೆ. ಮೆತ್ತನೆ ಬಟ್ಟೆಗೆ ಬಿಳಿ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ತಿಳಿದುಕೊಳ್ಳಲು ಒಂದು ಸುಲಭ ದಾರಿ ಇದೆ: ಆಟೋ ಬಿಟ್ಟು, ಸಮಯ ಇಟ್ಟು ಒಣಗಿಸುವ ಪ್ರೋಗ್ರಾಂ ಹಾಕಿ. ಅದರಲ್ಲಿ ಚೆನ್ನಾಗಿ ಒಣಗಿದರೆ ತೊಂದರೆ ಇರುವುದು ತೇವದ ಪಟ್ಟಿಯಲ್ಲಿ. ದಪ್ಪ ಜೀನ್ಸ್ ಜೊತೆ ತೆಳು ದುಪಟ್ಟಾ ಹಾಕಿದರೂ ಇದೇ ಗೊಂದಲ ಆಗುತ್ತದೆ.

ನಾಲ್ಕನೆಯದು ಕೋಣೆಯ ಸೆಕೆ. ಕಂಡೆನ್ಸರ್ ಮತ್ತು ಹೀಟ್ ಪಂಪ್ (ಫ್ರಿಜ್ಜಿನ ಹಾಗೆ ಅನಿಲದಿಂದ ಶಾಖ ಸಾಗಿಸುವ) ಡ್ರೈಯರ್‌ಗಳ ಅನೇಕ ಕೈಪಿಡಿಗಳಲ್ಲಿ ಕೋಣೆ 35 ಡಿಗ್ರಿ ದಾಟಬಾರದು ಎಂದು ಬರೆದಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಮೇಲ್ಮಾಳಿಗೆಯ ತಗಡಿನ ಕೋಣೆಯಲ್ಲಿ ಇದನ್ನು ಓಡಿಸಿ ಎರರ್ ಬಂತು ಎಂದರೆ ಮೆಷಿನ್ ತನ್ನನ್ನು ತಾನು ಕಾಪಾಡಿಕೊಂಡಿದೆ. ನಸುಕಿನಲ್ಲಿ ಓಡಿಸಿ ನೋಡಿ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, 20 ಕಿಲೋ ಓಮ್ ಮತ್ತು 200 ಕಿಲೋ ಓಮ್ ರೇಂಜ್ ಇರುವಂಥದ್ದು, ಬ್ಯಾಟರಿ ಹೊಸದಿರಲಿ. ಸ್ಟಾರ್ ಸ್ಕ್ರೂಡ್ರೈವರ್, ಎರಡು ಮೊಸಳೆ ಕ್ಲಿಪ್, ಒಂದು ಸ್ಟೀಲ್ ಲೋಟ, ಐಸ್, ಬಿಸಿನೀರು, ತೆಳು ಪ್ಲಾಸ್ಟಿಕ್ ಕವರ್. ಜೊತೆಗೆ ಒಂದು ಥರ್ಮಾಮೀಟರ್. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಉತ್ತಮ. ಅದಿಲ್ಲದಿದ್ದರೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸಹ 32ರಿಂದ 42 ಡಿಗ್ರಿವರೆಗೆ ನೆರವಾಗುತ್ತದೆ. ಅದು ಕಂಡ ಗರಿಷ್ಠ ಅಂಕಿಯಲ್ಲೇ ನಿಲ್ಲುವುದರಿಂದ ಪ್ರತಿ ಅಳತೆಗೂ ಆರಿಸಿ ಮತ್ತೆ ಹಚ್ಚಬೇಕು. ಫ್ಯಾರನ್‌ಹೀಟ್‌ನಲ್ಲಿ ತೋರಿಸುವುದಾದರೆ 98.6 ಎಂದರೆ 37 ಡಿಗ್ರಿ, 104 ಎಂದರೆ 40.

ಪ್ಲಗ್ ಕಿತ್ತ ಮೇಲೆ

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಸಾಕೆಟ್‌ನಿಂದ ಕೀಳಿ. ಹಳೆಯ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್‌ಗೆ ಹಾಕಿರುವುದನ್ನು ನಾನೇ ಕಂಡಿದ್ದೇನೆ. ಆಗ ಸ್ವಿಚ್ ಆರಿದ್ದರೂ ಒಳಗೆ ಫೇಸ್ ಜೀವಂತ ಇರುತ್ತದೆ. ಕಿತ್ತ ಮೇಲೆ ಹತ್ತು ನಿಮಿಷ ಕಾಯಿರಿ, ಬೋರ್ಡ್‌ನ ಕೆಪಾಸಿಟರ್‌ಗಳು ಖಾಲಿಯಾಗಬೇಕು. ಇನ್ವರ್ಟರ್ ಮೋಟರ್ ಇರುವ ಮೆಷಿನ್‌ಗಳಲ್ಲಿ 300 ವೋಲ್ಟ್ ಮೀರಿದ ಡಿಸಿ ಒಳಗೇ ಕೂತಿರುತ್ತದೆ. ಈ ಕೆಲಸದಲ್ಲಿ ಕರೆಂಟ್ ಇರುವಾಗ ಅಳೆಯಬೇಕಾದದ್ದು ಏನೂ ಇಲ್ಲ. ಯಾರಾದರೂ "ಚಾಲೂ ಮಾಡಿ ನೋಡೋಣ" ಎಂದರೆ ಒಪ್ಪಬೇಡಿ. ವಾರಂಟಿ ಇನ್ನೂ ಇದ್ದರೆ ಬಿಚ್ಚದೆ ಕಂಪನಿಗೆ ಕರೆ ಮಾಡಿ. ಹೀಟ್ ಪಂಪ್ ಡ್ರೈಯರ್ ಆದರೆ ತಾಮ್ರದ ಕೊಳವೆಗಳನ್ನು ಮುಟ್ಟಲೇಬೇಡಿ. ಕೆಲವುಗಳಲ್ಲಿ ಇರುವುದು ಬೆಂಕಿ ಹತ್ತುವ ಪ್ರೊಪೇನ್ ಅನಿಲ.

ಸೆನ್ಸರ್ ಗುರುತಿಸುವುದು

ಗಾಳಿ ಹೊರಗೆ ಎಳೆಯುವ ಮೆಷಿನ್‌ಗಳಲ್ಲಿ ಸೆನ್ಸರ್ ಸಾಮಾನ್ಯವಾಗಿ ಫಿಲ್ಟರ್ ದಾಟಿದ ಮೇಲೆ, ಫ್ಯಾನ್ ಇರುವ ಪ್ಲಾಸ್ಟಿಕ್ ಗೂಡಿಗೆ ಸಿಕ್ಕಿಸಿರುತ್ತದೆ. ಎರಡು ಸಣ್ಣ ವೈರ್, ತುದಿಗೆ ಪ್ಲಾಸ್ಟಿಕ್ ಸಾಕೆಟ್. ಹೀಟರ್ ಡಬ್ಬಿಯ ಹತ್ತಿರ ಇನ್ನೊಂದು ಇರಬಹುದು. ಒಗೆದು ಒಣಗಿಸುವ ಎರಡೂ ಕೆಲಸದ ಮೆಷಿನ್ ಆದರೆ ಎಚ್ಚರ: ಟಬ್ಬಿನ ತಳದಲ್ಲಿರುವುದು ಒಗೆಯುವ ನೀರಿನ ಬಿಸಿ ನೋಡುವ ಸೆನ್ಸರ್, ಒಣಗಿಸುವುದಕ್ಕೆ ಸಂಬಂಧಿಸಿದ್ದು ಮೇಲಿನ ಗಾಳಿಯ ಕೊಳವೆಯಲ್ಲಿರುತ್ತದೆ.

ಹತ್ತಿರದಲ್ಲೇ ನಾಣ್ಯದಂತೆ ದುಂಡಗಿನ, ಎರಡು ಚಪ್ಪಟೆ ಟರ್ಮಿನಲ್‌ನ ಭಾಗಗಳು ಕಾಣುತ್ತವೆ. ಅವು ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಇಲ್ಲವೇ ಥರ್ಮಲ್ ಫ್ಯೂಸ್. ಇವನ್ನು ಸೆನ್ಸರ್ ಎಂದು ತಿಳಿದು ಕಿಲೋ ಓಮ್‌ನಲ್ಲಿ ಅಳೆಯಲು ಹೋದರೆ ಸೊನ್ನೆ ಬರುತ್ತದೆ, ಶಾರ್ಟ್ ಆಗಿದೆ ಎಂದು ಹೆದರುತ್ತೀರಿ. ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಎರಡು ಮೂರು ಕೋನದಿಂದ ಫೋಟೋ ತೆಗೆದುಕೊಳ್ಳಿ.

ಸೆನ್ಸರ್ ತೆಗೆದಾಗ ಮೊದಲು ಅದರ ಮೈ ನೋಡಿ. ಅರಳೆ ಮತ್ತು ಕೆಂಪು ಧೂಳು ಮೆತ್ತಿಕೊಂಡಿದ್ದರೆ ಅದು ಬಿಸಿಯನ್ನು ತಡವಾಗಿ ಗ್ರಹಿಸುತ್ತದೆ. ಮೀಟರ್‌ನಲ್ಲಿ ಸರಿಯಾಗಿಯೇ ಕಾಣುವ ಸೆನ್ಸರ್ ಮೆಷಿನ್ನಿನಲ್ಲಿ ತಪ್ಪುವುದಕ್ಕೆ ಇದೂ ಒಂದು ಕಾರಣ. ಒಣ ಬ್ರಷ್‌ನಿಂದ ಒರೆಸಿ. ಗಿಣಿಗೇರಿ, ತೋರಣಗಲ್ಲು ಕಡೆಯ ಮನೆಗಳಲ್ಲಿ ವರ್ಷಕ್ಕೊಮ್ಮೆ ಇಷ್ಟು ಮಾಡಿದರೂ ಸಾಕಷ್ಟು ಲಾಭ.

ಅಳೆಯುವುದು

ಸಾಕೆಟ್ ಬಿಡಿಸಿ, ಸೆನ್ಸರನ್ನು ಪೂರ್ತಿ ಬೇರೆ ಮಾಡಿಯೇ ಅಳೆಯಬೇಕು. ಬೋರ್ಡ್‌ಗೆ ಜೋಡಿಸಿದ್ದಾಗ ಅಳೆದರೆ ಬೋರ್ಡ್‌ನ ರೋಧವೂ ಸೇರುತ್ತದೆ. ಟರ್ಮಿನಲ್‌ಗಳಿಗೆ ಮೊಸಳೆ ಕ್ಲಿಪ್ ಹಾಕಿ. ಎರಡೂ ಕೈಬೆರಳಲ್ಲಿ ಒತ್ತಿಹಿಡಿದರೆ ಬೆವರಿನ ಕೈಯ ರೋಧವೂ ಅಳತೆಯೊಳಗೆ ಬರುತ್ತದೆ, ಸೆನ್ಸರ್ ಮೈಗೆ ನಿಮ್ಮ ಮೈಬಿಸಿಯೂ ತಾಗುತ್ತದೆ.

ಮೊದಲ ಅಳತೆ ಕೋಣೆಯದು. ಮೆಷಿನ್ ಓಡಿದ್ದರೆ ಎರಡು ಗಂಟೆ ತಣಿಯಲು ಬಿಡಿ. ಸೆನ್ಸರ್ ಮತ್ತು ಥರ್ಮಾಮೀಟರ್ ಅಕ್ಕಪಕ್ಕ ನೆರಳಲ್ಲಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಇಡಿ. ಎರಡೂ ಅಂಕಿಗಳನ್ನು ಬರೆದುಕೊಳ್ಳಿ.

25 ಡಿಗ್ರಿಗೆ 10 ಕಿಲೋ ಓಮ್ ಇರುವ, ಬೀಟಾ (ತಾಪಮಾನಕ್ಕೆ ತಕ್ಕಂತೆ ರೋಧ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ಅಂಕಿ) 3950ರ ಸೆನ್ಸರ್‌ನ ಲೆಕ್ಕ ಹೀಗಿದೆ. 0 ಡಿಗ್ರಿಯಲ್ಲಿ ಸುಮಾರು 33.6 ಕಿಲೋ ಓಮ್. 20ರಲ್ಲಿ 12.5. 30ರಲ್ಲಿ 8. 35ರಲ್ಲಿ 6.5. 40ರಲ್ಲಿ 5.3. 45ರಲ್ಲಿ 4.3. 50ರಲ್ಲಿ 3.6. 60ರಲ್ಲಿ 2.5. 70ರಲ್ಲಿ 1.8. ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೂ ಡಿಸೆಂಬರಿನ ನಸುಕಿಗೂ ಒಂದೇ ಸೆನ್ಸರ್ ಮೂರು ಪಟ್ಟು ವ್ಯತ್ಯಾಸ ತೋರಿಸಬಲ್ಲದು ಎಂಬುದು ಈ ಸಾಲುಗಳಿಂದಲೇ ತಿಳಿಯುತ್ತದೆ.

ನಿಮ್ಮ ಮೆಷಿನ್ನಿನದು 10 ಕಿಲೋ ಓಮ್ ಆಗಿರಲೇಬೇಕು ಎಂದಿಲ್ಲ. 5, 12, 20 ಕಿಲೋ ಓಮ್‌ನವೂ ಇವೆ, ಬೀಟಾ ಕೂಡ ಬೇರೆ ಇರಬಹುದು. ಸರ್ವಿಸ್ ಪುಸ್ತಕ ಸಿಕ್ಕರೆ ಅದರ ಪಟ್ಟಿಯನ್ನೇ ನಂಬಿ. ಸಿಗದಿದ್ದರೆ ಅಂಕಿಗಿಂತ ಅನುಪಾತ ನೋಡಿ: 25 ಡಿಗ್ರಿಯ ರೋಧಕ್ಕೆ ಹೋಲಿಸಿದರೆ 0 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟಿನಷ್ಟು, 40ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, 60ರಲ್ಲಿ ಕಾಲು ಭಾಗದ ಆಸುಪಾಸು ಇರಬೇಕು.

ಎರಡನೆಯ ಅಳತೆ ಐಸಿನದು, ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಐಸ್ ಪುಡಿ ಮಾಡಿ ಲೋಟದ ತುಂಬ ಹಾಕಿ, ಸಂದಿ ತುಂಬುವಷ್ಟೇ ನೀರು ಹೊಯ್ದು ಕಲಕಿ. ಐಸ್ ಕರಗುತ್ತಿರುವವರೆಗೆ ಆ ಲೋಟ 0 ಡಿಗ್ರಿಯಲ್ಲೇ ನಿಲ್ಲುತ್ತದೆ, ಹೊರಗೆ 43 ಡಿಗ್ರಿ ಇದ್ದರೂ ಸರಿ, ಥರ್ಮಾಮೀಟರ್ ಇಲ್ಲದಿದ್ದರೂ ಸರಿ. ಸೆನ್ಸರನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿ ಇಲ್ಲದಂತೆ ಬಿಗಿದು, ಟರ್ಮಿನಲ್‌ಗೆ ನೀರು ತಾಗದಂತೆ ಅದರಲ್ಲಿ ಹುಗಿದಿಡಿ. ಐದು ನಿಮಿಷದಲ್ಲಿ ಅಂಕಿ ಏರಿ ಏರಿ ನಿಲ್ಲಬೇಕು. 20 ಕಿಲೋ ಓಮ್ ರೇಂಜ್‌ನಲ್ಲಿ "1" ಎಂದು ಒಂದೇ ಅಂಕಿ ಕಂಡರೆ ಸೆನ್ಸರ್ ಸತ್ತಿದೆ ಎಂದಲ್ಲ, ಮೀಟರ್‌ನ ಮಿತಿ ದಾಟಿದೆ. 200ರ ರೇಂಜ್‌ಗೆ ತಿರುಗಿಸಿ.

ಮೂರನೆಯದು ಬಿಸಿನೀರು. ಕುದಿಯುವ ನೀರು ಬೇಡ, ಮುಟ್ಟಿದರೆ ಚುರ್ ಎನ್ನುವಷ್ಟು, 60 ಡಿಗ್ರಿಯ ಹತ್ತಿರ ಸಾಕು. ಡ್ರೈಯರ್ ಒಳಗೆ ಸೆನ್ಸರ್ ದುಡಿಯುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ನೀರು ತಣಿಯುತ್ತಾ ಹೋದಂತೆ ರೋಧ ನಿಧಾನವಾಗಿ, ಒಂದೇ ಸಮನೆ ಏರಬೇಕು. ನಡುವೆ ಅಂಕಿ ಹಾರಿದರೆ, ಮಿಣುಕಿದರೆ, ಒಳಗಿನ ಬೆಸುಗೆ ಬಿರಿದಿದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರ್‌ಗಳು ಸಿಕ್ಕಿಬೀಳುವುದು ಇಲ್ಲಿಯೇ.

ಮೂರೂ ಕಡೆ ಅಳತೆ ಪಟ್ಟಿಗೆ ಶೇ 5ರಿಂದ 10ರೊಳಗೆ ಹೊಂದಿದರೆ ಸೆನ್ಸರ್ ಚೆನ್ನಾಗಿದೆ, ಹಣ ಖರ್ಚು ಮಾಡಬೇಡಿ. ಎಲ್ಲ ಕಡೆ ಅನಂತ ಅಥವಾ ಸೊನ್ನೆ ಇದ್ದರೆ, ಅಥವಾ ಐಸ್ ಮತ್ತು ಬಿಸಿನೀರಿನ ನಡುವೆ ಅಂಕಿ ಹೆಚ್ಚು ಬದಲಾಗದಿದ್ದರೆ ಅದು ಕೆಟ್ಟಿದೆ, ಬದಲಿಸಿ.

ಸೆನ್ಸರ್ ಸರಿ, ಎರರ್ ಮಾತ್ರ ಹೋಗುತ್ತಿಲ್ಲ

ಆಗ ವೈರ್ ನೋಡಿ. ಬೋರ್ಡ್ ಕಡೆಯ ಸಾಕೆಟ್ ಬಿಡಿಸಿ, ಸೆನ್ಸರ್ ಜೋಡಿಸಿ, ಆ ತುದಿಯಿಂದ ಅಳೆಯಿರಿ. ಎರಡು ಅಳತೆಯೂ ಒಂದೇ ಬರಬೇಕು. ಅಳೆಯುತ್ತಲೇ ವೈರ್‌ಗಳನ್ನು ಮೆಲ್ಲಗೆ ಅಲ್ಲಾಡಿಸಿ, ಅಂಕಿ ಕುಣಿದರೆ ದೋಷ ಅಲ್ಲಿದೆ. ಗಂಗಾವತಿಯಲ್ಲಿ ಭತ್ತದ ಗೋದಾಮಿನ ಪಕ್ಕದ ಒಂದು ಮನೆಯಲ್ಲಿ ಇಲಿ ಕಡಿದ ಒಂದೇ ಒಂದು ವೈರ್‌ಗಾಗಿ ಬೋರ್ಡ್ ಬದಲಿಸಲು ಹೇಳಿದ್ದರು. ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಬಿಗಿಯುವ ಸ್ಲೀವ್ ಏರಿಸಿದ ಮೇಲೆ ಮೆಷಿನ್ ಇಂದಿಗೂ ಓಡುತ್ತಿದೆ.

ವೈರೂ ಸರಿ ಇದ್ದರೆ ದುಂಡಗಿನ ಥರ್ಮೋಸ್ಟಾಟ್ ಮತ್ತು ಫ್ಯೂಸ್‌ಗಳಿಗೆ ಬೀಪ್ ಪರೀಕ್ಷೆ. ತಣ್ಣಗಿದ್ದಾಗ ಇವು ಜೋಡಿಕೊಂಡಿರಬೇಕು, ಅಂದರೆ ಮೀಟರ್ ಕೂಗಬೇಕು. ಕೆಲವು ಥರ್ಮೋಸ್ಟಾಟ್‌ಗಳ ನಡುವೆ ಒತ್ತುವ ಗುಂಡಿ ಇರುತ್ತದೆ, ಟ್ರಿಪ್ ಆಗಿದ್ದರೆ ಒತ್ತಿದಾಗ ಟಕ್ ಎಂದು ಕೂಡಿಕೊಳ್ಳುತ್ತದೆ. ಥರ್ಮಲ್ ಫ್ಯೂಸ್ ಒಮ್ಮೆ ಸುಟ್ಟರೆ ಮುಗಿಯಿತು, ಹೊಸದನ್ನೇ ಹಾಕಬೇಕು. 2000 ವ್ಯಾಟ್ ಹೀಟರ್‌ನ ರೋಧ 26 ಓಮ್ ಹತ್ತಿರ ಇರುತ್ತದೆ. ಅದೂ ಸರಿ ಇದ್ದರೆ ಮಾತ್ರ ಬೋರ್ಡ್ ಅಥವಾ ರಿಲೇ (ಹೀಟರ್ ಹಾಕಿ ತೆಗೆಯುವ ಸ್ವಿಚ್) ಮೇಲೆ ಅನುಮಾನ. ಅದು ಬೋರ್ಡ್ ರಿಪೇರಿ ಬಲ್ಲವರ ಕೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಫ್ಯೂಸ್ ಸಿಗದಿದ್ದಾಗ ಎರಡು ವೈರ್ ಕೂಡಿಸಿ "ಡೈರೆಕ್ಟ್ ಮಾಡಿ" ಕೊಡುವ ರೂಢಿ ಇದೆ. ಮಿಕ್ಸರ್‌ಗೆ, ಕೂಲರ್‌ಗೆ ಮಾಡಿದ ಅಭ್ಯಾಸ ಡ್ರೈಯರ್‌ಗೂ ಬರುತ್ತದೆ. ದಯವಿಟ್ಟು ಬೇಡ. ಒಳಗಿರುವುದು ಕೆಂಪಗೆ ಕಾಯುವ ಹೀಟರ್, ಅದರ ಸುತ್ತ ಬತ್ತಿಯ ಹಾಗೆ ಹತ್ತಿಕೊಳ್ಳುವ ಅರಳೆ. ಸೆನ್ಸರ್ ಸುಳ್ಳು ಹೇಳಿದರೂ, ರಿಲೇ ಅಂಟಿಕೊಂಡರೂ ಮನೆಗೆ ಬೆಂಕಿ ಬೀಳದಂತೆ ತಡೆಯುವುದು ಆ ಸಣ್ಣ ಫ್ಯೂಸ್. ಅದು ಸುಟ್ಟಿದೆ ಎಂದರೆ ಒಳಗೆ ಎಲ್ಲೋ ಗಾಳಿ ಕಟ್ಟಿದೆ, ಹೀಟರ್ ಕಡಿತಗೊಳ್ಳದೆ ಕಾದಿದೆ. ಆ ಕಾರಣ ಹುಡುಕದೆ ಹೊಸ ಫ್ಯೂಸ್ ಹಾಕಿದರೂ ಅದು ಮತ್ತೆ ಸುಡುತ್ತದೆ. ಫ್ಯೂಸ್ ಬರಲು ಎಂಟು ದಿನ ಬೇಕಾದರೆ ಎಂಟು ದಿನ ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ.

ಹೊಸದು ಹಾಕುವಾಗ

ಮೆಷಿನ್ನಿನ ಹಿಂದೆ ಅಥವಾ ಬಾಗಿಲ ಅಂಚಿನಲ್ಲಿರುವ ಚೀಟಿಯ ಮಾಡೆಲ್ ಸಂಖ್ಯೆ ಕೊಟ್ಟು ಅದೇ ಭಾಗ ತರಿಸಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಹೈದರಾಬಾದಿನ ಕೋಟಿಯಲ್ಲೋ ಹತ್ತು ಕಿಲೋ ಓಮ್‌ನ ಥರ್ಮಿಸ್ಟರ್ ಕಡಿಮೆ ದುಡ್ಡಿಗೆ ಸಿಗುತ್ತದೆ ನಿಜ. ಆದರೆ ಬೀಟಾ ಬೇರೆಯಾದರೆ 25 ಡಿಗ್ರಿಯಲ್ಲಿ ಹೊಂದಿದ್ದು 60ರಲ್ಲಿ ತಪ್ಪುತ್ತದೆ, ಡ್ರೈಯರ್‌ಗೆ ಬೇಕಾದದ್ದು 60ರ ಲೆಕ್ಕವೇ. ಬಂದ ಹೊಸ ಸೆನ್ಸರನ್ನೂ ಹಾಕುವ ಮೊದಲು ಐಸಿನಲ್ಲಿ ಅಳೆಯಿರಿ.

ಸಾಕೆಟ್ ಟಕ್ ಎನ್ನುವವರೆಗೆ ಒತ್ತಿ, ವೈರ್ ಬೆಲ್ಟಿಗೂ ಹೀಟರ್ ಡಬ್ಬಿಗೂ ತಾಗದಂತೆ ಕಟ್ಟಿ, ಅರ್ಥಿಂಗ್ ವೈರ್ ಮೊದಲಿದ್ದ ಜಾಗಕ್ಕೇ ಬಿಗಿಯಾಗಿ ಬಂದಿದೆಯೇ ನೋಡಿ. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗಿ ಕೆಲಸ ಕೆಡುತ್ತದೆ, ಅದಕ್ಕೆ ಆಗಾಗ ನೀರು ಹಾಕುತ್ತಿರಿ. ಎಲ್ಲ ಪ್ಯಾನಲ್ ಮುಚ್ಚಿದ ಮೇಲೆಯೇ ಪ್ಲಗ್ ಹಾಕಿ. ಮೊದಲ ಸಲ ಎರಡು ಮೂರು ಒದ್ದೆ ಟವೆಲ್ ಮಾತ್ರ ಹಾಕಿ, ಹತ್ತಿರವೇ ಇದ್ದು ಓಡಿಸಿ. ಅಡುಗೆ ಎಣ್ಣೆ ಹತ್ತಿದ ಬಟ್ಟೆ ಅಂತೂ ಎಂದೂ ಬೇಡ, ಬಿಸಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಸುಟ್ಟ ವಾಸನೆ ಬಂದರೆ ಕೂಡಲೇ ಆರಿಸಿ ಪ್ಲಗ್ ಕೀಳಿ.

ಅಕ್ಕನ ಮನೆಯ ಮೆಷಿನ್ನಿನಲ್ಲಿ ಕೊಳವೆ ಶುದ್ಧ ಮಾಡಿ ಮುಚ್ಚುವಾಗ ಹಿಂಬದಿಯ ಪ್ಯಾನಲ್ ಹೊರಮೈಗೆ ಒಂದು ಚೀಟಿ ಅಂಟಿಸಿ ಬಂದೆ. ಮುಂದೆ ಯಾರೇ ರಿಪೇರಿಗೆ ಬಂದರೂ ಮೊದಲು ಕಣ್ಣಿಗೆ ಬೀಳಲಿ ಎಂದು. ಅದರಲ್ಲಿ ಬರೆದದ್ದು ಇಷ್ಟು: "ಏಪ್ರಿಲ್. ಕೋಣೆ 39 ಡಿಗ್ರಿ, ಸೆನ್ಸರ್ 5.5 ಕಿಲೋ ಓಮ್. ಐಸಿನಲ್ಲಿ 33. ಸರಿ ಇದೆ, ಬದಲಿಸಬೇಡಿ. ಮೊದಲು ಕೊಳವೆ ನೋಡಿ."